ಎರಡು, ಮೂರರ ನಡುವಿನ ಚುಕ್ಕೆ

“ಇದನ್ನ ಮಗುಚಿದ್ದು ಯಾರು?”

ಕೇಳಿದ್ದು ಯಾರನ್ನೂ ಅಲ್ಲ. ಬೆಳಗಿನ ಆ ಹೊತ್ತಿಗೆ ವರ್ಕ್‌ಶಾಪಿನಲ್ಲಿ ಅವನೊಬ್ಬನೇ ಇದ್ದ. ಸಾಲಾಗಿದ್ದ ನಾಲ್ಕು ಮೇಜುಗಳಲ್ಲಿ ಮೂರಕ್ಕೆ ಇನ್ನೂ ಬಟ್ಟೆ ಹೊದಿಸಿತ್ತು. ನಾಲ್ಕನೆಯದರ ಮೇಲೆ, ಭೂತಗನ್ನಡಿ ಕೂರಿಸಿದ ದೀಪದ ಬಿಳಿ ಬೆಳಕಿನಲ್ಲಿ, ಆಸ್ಪತ್ರೆಯಿಂದ ವಾಪಸು ಬಂದ ಅಂಗೈಯಗಲದ ಸರ್ಕ್ಯೂಟ್ ಬೋರ್ಡು ಬೋರಲು ಬಿದ್ದಿತ್ತು. ಪಕ್ಕದಲ್ಲಿ ಅವನೇ ಪೆನ್ಸಿಲಿನಿಂದ ಬರೆದ ನಕ್ಷೆ. ಪ್ರಶ್ನೆಗೆ ಉತ್ತರ ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಬಾಯಿಬಿಟ್ಟು ಕೇಳಿದರೆ ಬೇರೆ ಯಾರಾದರೂ ‘ನಾನು’ ಅಂದಾರು ಎಂದು ಒಳಗೆಲ್ಲೋ ಒಂದು ಆಸೆ ಇತ್ತೇನೋ. ಯಾರೂ ಅನ್ನಲಿಲ್ಲ. ನಲ್ಲಿಯಿಂದ ತೊಟ್ಟಿಕ್ಕುವ ನೀರು ಮಾತ್ರ ತನ್ನ ಪಾಡಿಗೆ ತಾನು ಲೆಕ್ಕ ಹಾಕುತ್ತಿತ್ತು.

ನಕ್ಷೆಯ ನಟ್ಟನಡುವೆ ಒಂದು ತ್ರಿಕೋನ. ಆಪ್-ಆಂಪ್ ಎಂಬ ಎಂಟು ಕಾಲಿನ ಕರಿಹುಳದಂಥ ಚಿಪ್ಪನ್ನು ಕಾಗದದ ಮೇಲೆ ಹೀಗೆ ಬರೆಯುವುದು ವಾಡಿಕೆ: ಎಡಗಡೆ ಎರಡು ಕಿವಿ, ಬಲಗಡೆಯ ಚೂಪು ತುದಿಯಲ್ಲಿ ಬಾಯಿ. ಮೇಲಿನ ಕಿವಿ ಮೈನಸ್ಸು, ಅದರ ಕಾಲಿನ ಅಂಕಿ ಎರಡು. ಕೆಳಗಿನ ಕಿವಿ ಪ್ಲಸ್ಸು, ಅಂಕಿ ಮೂರು. ಇಪ್ಪತ್ತಾರು ವರ್ಷ ಅವನು ಹೀಗೆಯೇ ಬರೆದುಕೊಂಡು ಬಂದಿದ್ದ. ಈ ಸಲ ಮಾತ್ರ ಎರಡು ಗೆರೆಗಳು ಒಂದನ್ನೊಂದು ದಾಟಿ ನಕ್ಷೆ ಅಂದಗೆಡುತ್ತದೆ ಎಂದು ತ್ರಿಕೋನವನ್ನು ತಲೆಕೆಳಗು ಮಾಡಿ ಪ್ಲಸ್ಸನ್ನು ಮೇಲೆ ತಂದಿದ್ದ. ತಂದವನು, ಅಂಕಿ ಬರೆಯುವ ಹೊತ್ತಿಗೆ, ಕೈಗೆ ರೂಢಿಯಾದ ಹಾಗೆ ಮೇಲೆ ಎರಡು, ಕೆಳಗೆ ಮೂರು ಎಂದೇ ಬರೆದಿದ್ದ. ತಲೆ ತಿರುಗಿಸಿದ್ದನ್ನು ಕೈ ತಿರುಗಿಸಿರಲಿಲ್ಲ. ಅಂಕಿ ನೋಡಿಯೇ ಬೆಸುಗೆ ಹಾಕುವುದು. ಹಾಗಾಗಿ ಬಾಯಿಂದ ಹೊರಟು ಮೈನಸ್ಸಿನ ಕಿವಿಗೆ ವಾಪಸು ಬರಬೇಕಾಗಿದ್ದ ತಂತಿ ಪ್ಲಸ್ಸಿನ ಕಿವಿಗೆ ಹೋಗಿ ಕೂತಿತ್ತು. ವ್ಯತ್ಯಾಸ ಇಷ್ಟೇ. ಮೈನಸ್ಸಿಗೆ ಬಂದರೆ ಚಿಪ್ಪು ತಾನಾಡಿದ್ದನ್ನು ತಾನೇ ಕೇಳಿಸಿಕೊಂಡು, ಹೆಚ್ಚಾದಷ್ಟನ್ನು ಬೇಡ ಅನ್ನುತ್ತದೆ. ಕಾವು ಏರಿದಷ್ಟೂ ಹೀಟರನ್ನು ತಗ್ಗಿಸುತ್ತ, ಇಳಿದಷ್ಟೂ ಏರಿಸುತ್ತ ಒಂದು ಹದದಲ್ಲಿ ನಿಲ್ಲುತ್ತದೆ. ಪ್ಲಸ್ಸಿಗೆ ಬಂದರೆ ತಾನಾಡಿದ್ದಕ್ಕೆ ತಾನೇ ಹೌದು ಹೌದು ಎನ್ನುತ್ತ ಒಂದು ಕೊನೆಗೆ ಹೋಗಿ ಅಂಟಿಕೊಳ್ಳುತ್ತದೆ. ಪೂರ್ತಿ ಉರಿ, ಇಲ್ಲವೇ ಪೂರ್ತಿ ತಣ್ಣಗೆ. ಯಾವ ಕೊನೆ ಎಂಬುದು ಸ್ವಿಚ್ಚು ಹಾಕಿದ ಆ ಕ್ಷಣದ ಹಣೆಬರಹ.

ಬೋರ್ಡು ಇದ್ದದ್ದು ಹಸುಗೂಸುಗಳನ್ನು ಬೆಚ್ಚಗೆ ಮಲಗಿಸುವ ಒಂದು ಹಾಸಿಗೆಯಲ್ಲಿ. ಆಸ್ಪತ್ರೆಯಲ್ಲಿ ಅವತ್ತು ಕೂಸು ಮಲಗಿರಲಿಲ್ಲ. ಪರೀಕ್ಷೆಗೆಂದು ಕೂಸಿನಷ್ಟೇ ತೂಕದ ನೀರಿನ ಚೀಲ ಮಲಗಿಸಿದ್ದರು. ನರ್ಸು ಅಭ್ಯಾಸಬಲದಿಂದ ಮುಂಗೈಯ ಹಿಂಬದಿಯನ್ನು ಚೀಲಕ್ಕೆ ತಾಗಿಸಿ, ಚುರ್ ಎಂದ ಕೈಯನ್ನು ಎಳೆದುಕೊಂಡು ಪ್ಲಗ್ಗು ಕಿತ್ತಿದ್ದಳಂತೆ. ಮರುದಿನ ನಿಜವಾದ ಕೂಸನ್ನು ಮಲಗಿಸುವವರಿದ್ದರು. ಈ ‘ಮರುದಿನ’ ಎಂಬ ಮಾತು ಕಳೆದ ನಾಲ್ಕು ದಿನದಿಂದ ಅವನ ಊಟದ ತಟ್ಟೆಯ ಪಕ್ಕ, ಹಲ್ಲುಜ್ಜುವ ಕನ್ನಡಿಯ ಎದುರು, ಎಲ್ಲೆಂದರಲ್ಲಿ ಬಂದು ನಿಲ್ಲುತ್ತಿತ್ತು. ವರ್ಕ್‌ಶಾಪಿನಿಂದ ಹೊರಡುವ ಮೊದಲು ಅವನೂ ಪರೀಕ್ಷಿಸಿಯೇ ಕಳಿಸಿದ್ದ. ಮೊದಲ ಸಲ ಸ್ವಿಚ್ಚು ಹಾಕಿದಾಗ ಹೀಟರಿನ ದೀಪ ಹತ್ತಲಿಲ್ಲ. ಆರಿಸಿ ಮತ್ತೆ ಹಾಕಿದ, ಹತ್ತಿತು. ಹತ್ತಿತಲ್ಲ, ಇನ್ನೇನು ಎಂದುಕೊಂಡ. ಮೊದಲ ಸಲ ಯಾಕೆ ಹತ್ತಲಿಲ್ಲ ಎಂದು ಕೇಳಿಕೊಳ್ಳಬೇಕಾಗಿದ್ದವನು ಬಸ್ಸಿನ ಹೊತ್ತಾಯಿತೆಂದು ಗಡಿಯಾರ ನೋಡಿದ್ದ.

ಆದರೆ ಈಗ ಅವನ ಕಣ್ಣು ನೆಟ್ಟಿದ್ದು ನಕ್ಷೆಯ ಮೇಲಲ್ಲ. ನಕ್ಷೆಯ ಅಂಕಿಗಳನ್ನು ಅವನು ಮೊನ್ನೆಯೇ ರಬ್ಬರಿನಲ್ಲಿ ಉಜ್ಜಿ ಸರಿಮಾಡಿಟ್ಟಿದ್ದ. ಬೋರ್ಡಿನ ಹಿಂಬದಿಯಲ್ಲಿ, ಎರಡನೆಯ ಕಾಲಿನ ಬೆಸುಗೆಗೂ ಮೂರನೆಯದಕ್ಕೂ ನಡುವೆ, ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಕೆಂಪು ಚುಕ್ಕೆ ಇತ್ತು. ಉಗುರುಬಣ್ಣದ್ದು. ಬೆಸುಗೆ ಹಾಕುವ ಹೆಂಗಸು ಇಟ್ಟದ್ದು. ಒಂಬತ್ತು ವರ್ಷದಿಂದ ಅವಳ ಪದ್ಧತಿ ಅದು: ನಕ್ಷೆಯಲ್ಲಿ ಎಲ್ಲಾದರೂ ಅನುಮಾನ ಬಂದರೆ ಎದ್ದು ಬಂದು ಕೇಳುವುದು, ಅವನು ಏನೇ ಹೇಳಲಿ ಹಾಗೆಯೇ ಹಾಕುವುದು, ಹಾಕಿದ ಮೇಲೆ ಕೇಳಿದ ಜಾಗಕ್ಕೊಂದು ಚುಕ್ಕೆ ಇಡುವುದು. ಅದರಿಂದಲೇ ಅವಳಿಗೆ ಚುಕ್ಕಿ ಎಂದು ಹೆಸರು ಬಿದ್ದು, ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಚುಕ್ಕೆಯ ಅರ್ಥ ಅವರಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನೋಡಲು ಬಂದವರಿಗೆಲ್ಲ ವರ್ಕ್‌ಶಾಪಿನ ಯಜಮಾನರು, ಇದು ನಮ್ಮ ಗುಣಮಟ್ಟದ ಗುರುತು, ಇದು ಬಿದ್ದರೆ ಮಾಲು ಪಾಸಾದ ಹಾಗೆ ಎಂದು ಬೀಗುತ್ತ ತೋರಿಸುತ್ತಿದ್ದರು. ಆಗೆಲ್ಲ ಅವನೂ ಚುಕ್ಕಿಯೂ ಒಬ್ಬರ ಮುಖ ಒಬ್ಬರು ನೋಡದೆ ನಗು ನುಂಗುತ್ತಿದ್ದರು.

ಈ ಬೋರ್ಡಿನ ದಿನವೂ ಅವಳು ಎದ್ದು ಬಂದಿದ್ದಳು. ಯಜಮಾನರ ಜೊತೆ ಯಾರೋ ಇಬ್ಬರು ದೊಡ್ಡ ಮನುಷ್ಯರು ನಿಂತಿದ್ದರು. ಇಂಥ ನಕ್ಷೆ ಬರೆಯುವ ಕೈ ಇನ್ನೊಂದಿಲ್ಲ, ನಮ್ಮ ಪಂಡಿತರು ಬರೆದರೆ ಮುಗಿಯಿತು, ತಿದ್ದುವ ಪ್ರಶ್ನೆಯೇ ಇಲ್ಲ ಎಂದು ಯಜಮಾನರು ಹೊಗಳುತ್ತಿದ್ದರು. ಕೆಲಸ ಮಾಡುವಾಗ ಬಾಯಲ್ಲಿ ಯಾವುದೋ ಪದ್ಯ ಗುನುಗುತ್ತಿರುತ್ತಾನೆಂದು ಪಂಡಿತ ಎಂಬ ಹೆಸರು ಇಟ್ಟವರೂ ಅವರೇ. ಅಷ್ಟರಲ್ಲಿ ಚುಕ್ಕಿ ನಕ್ಷೆ ಹಿಡಿದು ಬಂದು, ಸಾರ್, ಎರಡು ಮೂರು ಅದಲುಬದಲಾಗಿದೆಯಾ ಅಂತ, ಪ್ಲಸ್ಸಿನ ಹತ್ರ ಎರಡು ಇದೆಯಲ್ಲ ಎಂದು ಮೆಲ್ಲಗೆ ಕೇಳಿದಳು. ಅವನು ತಲೆ ಎತ್ತಲಿಲ್ಲ. ಹೊಗಳಿಕೆಯ ಕಾವಿನಲ್ಲಿ ಕಿವಿಯ ತುದಿ ಬಿಸಿಯಾಗಿತ್ತು. “ಬರೆಯೋದು ನನ್ನ ಕೆಲಸ, ಹಾಕೋದು ನಿನ್ನ ಕೆಲಸ. ಬರೆದ ಹಾಗೆ ಹಾಕು,” ಎಂದ. ದೊಡ್ಡ ಮನುಷ್ಯರು ನಕ್ಕರು. ಅವಳೂ ನಕ್ಕ ಹಾಗೆ ಮಾಡಿ ಹೋದಳು. ಅವಳ ಮೇಜಿನ ಕಡೆಯಿಂದ ಉಗುರುಬಣ್ಣದ ಶೀಶೆಯ ಮುಚ್ಚಳ ತಿರುಗಿಸುವ ಕಿರುಸದ್ದು ಅವನಿಗೆ ಆಗಲೇ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಹೇಗೆ ಹೇಳುವುದು?

ಮೇಜಿನ ಮೇಲೆ ಬಣ್ಣ ಕರಗಿಸುವ ಥಿನ್ನರಿನ ಡಬ್ಬಿ ಇತ್ತು, ಹತ್ತಿ ಇತ್ತು. ಅಳಿಸಬೇಕು ಎಂದು ಅವನು ತೀರ್ಮಾನ ಮಾಡಲಿಲ್ಲ. ಬೋರ್ಡನ್ನು ಒರೆಸಿ ಇಡುವುದು ಅವನ ದಿನನಿತ್ಯದ ಕೆಲಸ. ಕೈ ಆ ಕೆಲಸ ಮಾಡುತ್ತಿತ್ತು, ಅವನು ಆಸ್ಪತ್ರೆಯ ನರ್ಸಿನ ಮುಂಗೈಯ ಬಗ್ಗೆ ಯೋಚಿಸುತ್ತಿದ್ದ. ಹತ್ತಿ ಎರಡು ಸುತ್ತು ತಿರುಗಿತು. ತೆಗೆದು ನೋಡಿದರೆ ಅದರ ತುದಿ ತಿಳಿಗುಲಾಬಿಯಾಗಿತ್ತು, ಹಾಲುಗೆನ್ನೆಯ ಹಾಗೆ. ಹೋಲಿಕೆ ಹೊಳೆದದ್ದೇ ತಡ, ಹತ್ತಿಯನ್ನು ಕಸದಬುಟ್ಟಿಗೆ ಹಾಕಲೂ ಆಗದೆ ಅಂಗಿಯ ಜೇಬಿಗೆ ತುರುಕಿಕೊಂಡ.

ಯಜಮಾನರು ಒಳಗೆ ಬಂದದ್ದು ಹತ್ತು ಗಂಟೆಗೆ. ಕೈಯಲ್ಲಿ ಟೈಪು ಮಾಡಿಸಿದ ಒಂದು ಕಾಗದ. ತಪ್ಪು ಹೇಗಾಯಿತೆಂದು ಇವತ್ತು ಸಂಜೆಯೊಳಗೆ ಬರಹದಲ್ಲಿ ಕೊಡಬೇಕೆಂದು ಆಸ್ಪತ್ರೆಯವರು ಪಟ್ಟು ಹಿಡಿದಿದ್ದಾರೆ. ತಪ್ಪು ತನ್ನದೆಂದು ಚುಕ್ಕಿ ಇದಕ್ಕೊಂದು ಸಹಿ ಹಾಕಿದರೆ ಅಲ್ಲಿಗೆ ಮುಗಿಯಿತು. ತಾವೇನು ಕಲ್ಲುಹೃದಯದವರಲ್ಲ, ಸಹಿ ಬಂದರೆ ಅವಳನ್ನು ವಾಪಸು ಕರೆದು ಪ್ಯಾಕಿಂಗಿನಲ್ಲಿ ಕೂರಿಸೋಣ, ಬೆಸುಗೆಗೆ ಮಾತ್ರ ಬೇಡ. ನೀವು ಹೋಗಿ ಹೇಳಿದರೆ ಅವಳು ಎರಡು ಮಾತಾಡುವುದಿಲ್ಲ ಎಂದರು. ಅವನು ಕಾಗದ ತೆಗೆದುಕೊಂಡ. ನಾಲ್ಕು ದಿನದ ಹಿಂದೆಯೂ ಅವರು ಹೀಗೇ ಎದುರು ನಿಂತು, ಚುಕ್ಕಿಯ ಕೈ ತಪ್ಪಿರಬೇಕು ಪಾಪ, ಅಲ್ವಾ ಪಂಡಿತರೇ ಎಂದು ಕೇಳಿದ್ದರು. ಆಗ ಅವನು ಹೌದು ಅಂದಿರಲಿಲ್ಲ. ಅಲ್ಲ ಅಂತಲೂ ಅಂದಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡಿದ್ದ. ಒರೆಸುವುದು ಮುಗಿಯುವ ಹೊತ್ತಿಗೆ ಹೌದು ಎಂದಾಗಿಬಿಟ್ಟಿತ್ತು, ಅವಳ ಕೆಲಸ ಹೋಗಿತ್ತು. ಕನ್ನಡಕವಿಲ್ಲದ ಕಣ್ಣಿಗೆ ನಲ್ಲಿಯ ಬಳಿ ಬುತ್ತಿಯ ಡಬ್ಬಿ ತೊಳೆಯುತ್ತ ನಿಂತ ಚುಕ್ಕಿ ಒಂದು ಹಸಿರು ಮಸುಕಾಗಿ ಕಂಡಿದ್ದಳು. ಮಸುಕು ಅವನ ಕಡೆ ತಿರುಗಿ ಬಹಳ ಹೊತ್ತು ನಿಂತಿತ್ತು. ಸ್ಟೂಲಿನ ಮೇಲಿನ ತನ್ನ ಮೆತ್ತೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ಹೋದ ಮೇಲೆಯೇ ಅವನು ಕನ್ನಡಕ ಹಾಕಿಕೊಂಡದ್ದು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಚೀಲದಲ್ಲಿ ಬೋರ್ಡು, ಜೇಬಿನಲ್ಲಿ ಹತ್ತಿ, ಕೈಯಲ್ಲಿ ಕಾಗದ. ಬೋರ್ಡನ್ನು ಯಾಕೆ ತಂದೆ ಎಂದು ಕೇಳಿಕೊಂಡ, ಹೊಳೆಯಲಿಲ್ಲ. ಬೆರಳಿಗೆ ಅಂಟಿದ ಥಿನ್ನರಿನ ವಾಸನೆ ಮೂಗಿಗೆ ಬರುತ್ತಿತ್ತು. ಬೆಳಿಗ್ಗೆ ಹೆಂಡತಿ, ನೀವು ನಾಲ್ಕು ದಿನದಿಂದ ಗುನುಗ್ತಿಲ್ಲ, ಮನೇಲಿ ಫ್ಯಾನು ಕೆಟ್ಟ ಹಾಗೆ ಆಗಿದೆ ಅಂದಿದ್ದಳು. ಈಗ ಪ್ರಯತ್ನಪೂರ್ವಕ ಒಂದು ಪದ್ಯ ನೆನೆದ. ಮೊದಲ ಸಾಲು ಬಂತು, ಎರಡನೆಯದರಲ್ಲಿ ತಡೆಯಿತು. ತಡೆದ ಜಾಗದಲ್ಲಿ ಅಪ್ಪ ಕೂತಿದ್ದರು, ಕಣ್ಣು ಮುಚ್ಚಿಕೊಂಡು, ಗೋಡೆಗೊರಗಿ. ಅಪ್ಪ ಓದಿನವರು, ಸಂಜೆ ಅವರು ರಾಗವಾಗಿ ಪದ್ಯ ಓದಲು ಕೂತರೆ ಅಕ್ಕಪಕ್ಕದವರೆಲ್ಲ ಕೆಲಸ ಬಿಟ್ಟು ಬರುತ್ತಿದ್ದರು. ಅವನಿಗೆ ಕಲಿಸುವಾಗ ಅಪ್ಪ ಹೊಡೆದದ್ದಿಲ್ಲ, ಬೈದದ್ದಿಲ್ಲ, ಒಂದು ದಿನವೂ ಹೊಗಳಿದ್ದೂ ಇಲ್ಲ. ತಪ್ಪಿದಲ್ಲಿ “ಊಂಹೂಂ” ಅನ್ನುತ್ತಿದ್ದರು. ಸಣ್ಣ ತಪ್ಪಿಗೆ ಉಸಿರಿನಷ್ಟು ಸಣ್ಣದು, ದೊಡ್ಡ ತಪ್ಪಿಗೆ ಸ್ವಲ್ಪ ದೊಡ್ಡದು. ಅಳೆದು ಕೊಟ್ಟ ಹಾಗೆ. ಅದು ಬಿದ್ದ ಕೂಡಲೇ ಅವನ ದನಿ ತನ್ನಷ್ಟಕ್ಕೆ ತಾನೇ ಇಳಿದೋ ಏರಿದೋ ಸರಿಹೋಗುತ್ತಿತ್ತು.

ಒಮ್ಮೆ ಮಾತ್ರ ಅಪ್ಪನಿಗೆ ಜ್ವರ ಬಂದು, ಸೇರಿದ್ದ ಜನರ ಎದುರು ಅವನೊಬ್ಬನೇ ಓದಬೇಕಾಯಿತು. ಮುಂದಿನ ಸಾಲಿನಲ್ಲಿ ದೊಡ್ಡಮ್ಮ ಕೂತಿದ್ದಳು. ಅವಳಿಗೆ ಅವನೆಂದರೆ ಪ್ರಾಣ. ಮೊದಲ ಪದ್ಯಕ್ಕೇ ಆಹಾ ನನ್ನ ಬಂಗಾರ ಅಂದಳು. ಅವನು ದನಿ ಒಂದು ಮೆಟ್ಟಿಲು ಏರಿಸಿದ. ಆಹಾ ಇನ್ನೂ ದೊಡ್ಡದಾಯಿತು. ಇನ್ನೊಂದು ಮೆಟ್ಟಿಲು. ಉಳಿದವರೂ ಆಹಾ ಎಂದರು. ಹತ್ತುತ್ತ ಹೋದ, ಅರ್ಥ ಎಲ್ಲೋ ಕೆಳಗೆ ಉಳಿಯಿತು, ಪದ್ಯದಲ್ಲಿ ಯಾರು ಅಳುತ್ತಿದ್ದಾರೆ ಯಾರು ನಗುತ್ತಿದ್ದಾರೆ ಎಂಬುದೂ ಮರೆಯಿತು, ಬರೀ ದನಿ. ಕೊನೆಗೆ ಒಂದು ಕಡೆ ಅದು ಸಿಕ್ಕಿಕೊಂಡಿತು. ಮೇಲೆ ಹೋಗಲು ಜಾಗವಿಲ್ಲ, ಇಳಿಯಲು ಗೊತ್ತಿಲ್ಲ. ಅದೇ ಎತ್ತರದಲ್ಲಿ ಕಿರುಚುತ್ತ ಕಿರುಚುತ್ತ ಕಂಠ ಒಡೆದು, ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಹೊರಟು ನಿಂತುಹೋಯಿತು. ಯಾರೋ ಕೆಮ್ಮಿದರು. ಆ ಕೆಮ್ಮು ನಗುವಲ್ಲ ಎಂದು ನಂಬಲು ಅವನು ಎಷ್ಟೋ ವರ್ಷ ಹೆಣಗಿದ. ದೊಡ್ಡಮ್ಮ ಆಗಲೂ ಆಹಾ ಎಂದಳು. ಒಳಗೆ ಹಾಸಿಗೆಯಲ್ಲಿ ಅಪ್ಪ ಎಲ್ಲ ಕೇಳಿಸಿಕೊಂಡಿದ್ದರು. ಅವನು ಹೋಗಿ ಪಕ್ಕದಲ್ಲಿ ನಿಂತರೆ ಸುಡುವ ಕೈಯಿಂದ ಅವನ ಮಣಿಕಟ್ಟು ಹಿಡಿದು, ನಾನಿರಬೇಕಿತ್ತು ಅಂದರು. ಅಷ್ಟೇ.

ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಆಮೇಲೆ ಆ ಊಂಹೂಂ ಎಲ್ಲಾದರೂ ಕೇಳಿದೆನೇ ಎಂದು ಬಸ್ಸಿನ ಕುಲುಕಾಟದಲ್ಲಿ ಯೋಚಿಸಿದ. ಹೆಂಡತಿ ಜಗಳವಾಡುತ್ತಾಳೆ, ಅದು ಬೇರೆ. ಯಜಮಾನರು ದೊಡ್ಡಮ್ಮನ ಜಾತಿಯವರು. ಕೇಳಿದ್ದರೆ ಅದು ಬೋರ್ಡುಗಳ ಹಿಂಬದಿಯಲ್ಲೇ. ಒಂಬತ್ತು ವರ್ಷದಲ್ಲಿ ಚುಕ್ಕೆಗಳು ನೂರರ ಮೇಲೆ ಆಗಿದ್ದವು. ಅವುಗಳಲ್ಲಿ ಹದಿನೇಳು ಸಲ ತಪ್ಪು ಅವನದಾಗಿತ್ತು. ಹದಿನೇಳೂ ಅವನಿಗೆ ನೆನಪಿದ್ದವು, ಒಂದನ್ನೂ ಅವನು ಯಾರಿಗೂ ಹೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಹದಿನೆಂಟನೆಯದು ಈಗ ಅವನ ಜೇಬಿನಲ್ಲಿ ಹತ್ತಿಯಾಗಿ ಕೂತಿತ್ತು. ಕಂಡಕ್ಟರು ಬಂದು ಮುಂದಿನದೇ ನಿಮ್ಮ ಸ್ಟಾಪು ಎಂದು ಭುಜ ತಟ್ಟಬೇಕಾಯಿತು.

ಮೂರನೆಯ ಮಹಡಿ. ಮೆಟ್ಟಿಲಿನ ಸಂದಿಯಲ್ಲಿ ಯಾರದೋ ಸೈಕಲ್ಲು, ಒಣಗಿದ ಹೂಕುಂಡ. ಬಾಗಿಲು ತೆಗೆದದ್ದು ಚುಕ್ಕಿಯ ಅತ್ತೆ. ಮಡಿಸುತ್ತಿದ್ದ ಬಟ್ಟೆ ಕೈಯಲ್ಲೇ ಇತ್ತು. ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ತಿರುಗಿ ಕೂಗಿದಳು. “ಏ ಹುಡುಗಿ, ಇವರೇನಾ ನಿನ್ನ ಪಂಡಿತರು? ನಾನೇನೋ ಗಡ್ಡ ಗಿಡ್ಡ ಇರುತ್ತೆ ಅಂದುಕೊಂಡಿದ್ದೆ.” ಆಮೇಲೆ ಅವನನ್ನು ಕೂರಿಸಿ, ತಾನೂ ಎದುರು ಕೂತು, ಏನು ಕೇಳಿದ್ರೂ ಬೇಜಾರಿಲ್ಲದೆ ಹೇಳಿಕೊಡ್ತಾರೆ, ನಮ್ಮ ಸಾರ್ ಹಾಗೆ ಯಾರೂ ಇಲ್ಲ ಅಂತ ದಿನಾ ಅದೇ ಪುರಾಣ, ನನ್ನ ಮಗನಿಗೇ ಹೊಟ್ಟೆಕಿಚ್ಚು ಬರ್ತಿತ್ತು ಎಂದಳು. ವಾಪಸು ಕರೆಯೋಕೆ ಬಂದಿರಲ್ಲ, ನಂಗೊತ್ತಿತ್ತು, ನೀವು ಬಿಟ್ಟುಕೊಡೋ ಪೈಕಿ ಅಲ್ಲ ಎಂದಳು. ಕುರ್ಚಿಯ ತೋಳು ಹಿಡಿದ ಅವನ ಬೆರಳುಗಳಿಂದ ಥಿನ್ನರು ನಾರುತ್ತಿತ್ತು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ, ಹೊರಗಿನಿಂದ ಬಂದ ಮಕ್ಕಳು ಕೊಳಕು ಕೈ ಮುಚ್ಚಿಟ್ಟುಕೊಳ್ಳುವ ಹಾಗೆ.

ಚುಕ್ಕಿ ಕಿಟಕಿಯ ಬಳಿ ಕೂತಿದ್ದಳು. ಸ್ಟೂಲಿನ ಮೆತ್ತೆ ಈಗ ಮನೆಯ ಕುರ್ಚಿಯ ಮೇಲಿತ್ತು. ಎದುರಿಗೆ ಹಳೆಯ ಪತ್ರಿಕೆ ಹಾಸಿ ನೆರೆಮನೆಯವರ ರೇಡಿಯೋ ಬಿಚ್ಚಿಟ್ಟಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಕೆಂಪು ಶೀಶೆ. ಬನ್ನಿ ಸಾರ್ ಅಂದಳು, ಎಂದಿನ ದನಿಯಲ್ಲೇ. ಅದೇ ಅವನಿಗೆ ಕಷ್ಟವಾದದ್ದು. ಅತ್ತೆ ಚಹಾ ಮಾಡಲು ಒಳಗೆ ಹೋದಳು. ಅವನು ಕಾಗದವನ್ನು ಚಾಚಿದ. ಅವಳು ಕೈ ಒರೆಸಿಕೊಂಡು ಓದಿದಳು. ನಕ್ಷೆ ಓದುವ ಹಾಗೆಯೇ, ಬೆರಳಿಟ್ಟು, ಸಾಲು ಸಾಲಾಗಿ. ನನ್ನ ಗಮನ ತಪ್ಪಿ ಎರಡನೆಯ ಮತ್ತು ಮೂರನೆಯ ಕಾಲುಗಳನ್ನು ಅದಲುಬದಲಾಗಿ ಬೆಸೆದಿರುತ್ತೇನೆ ಎಂಬಲ್ಲಿ ಬೆರಳು ನಿಂತಿತು. ಮತ್ತೊಮ್ಮೆ ಮೊದಲಿನಿಂದ ಓದಿದಳು.

“ಚುಕ್ಕೆ ಇತ್ತಾ ಸಾರ್?”

“ಇತ್ತು,” ಎಂದ. ಬೆಳಗಿನಿಂದ ಅವನು ಆಡಿದ ಮೊದಲ ನಿಜ ಅದು. ಒಂದು ನಿಜ ಆಡಿದ ಮೇಲೆ ಸ್ವಲ್ಪ ಧೈರ್ಯ ಬಂದಂತಾಗಿ ಚೀಲದಿಂದ ಬೋರ್ಡು ತೆಗೆದು ರೇಡಿಯೋ ಪಕ್ಕ ಇಟ್ಟ. ಇಟ್ಟಮೇಲೆ ಹೊಳೆಯಿತು, ಇಡಬಾರದಿತ್ತು. ಅವಳು ಅದನ್ನು ಮಗುಚಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಬೆಸುಗೆ ಹಾಕಿದ ಕಡೆಯೆಲ್ಲ ಅಂಟಿನ ಕಂದು ಕಲೆ ಮಾಮೂಲಿನಂತೆ ಹರಡಿಕೊಂಡಿತ್ತು. ಎರಡು ಮೂರರ ನಡುವೆ ಮಾತ್ರ ಒಂದು ಬಿಲ್ಲೆಯಷ್ಟು ಜಾಗ ಈಗಷ್ಟೇ ತೊಳೆದ ಹಾಗೆ ಲಕಲಕ ಹೊಳೆಯುತ್ತಿತ್ತು. ಅದನ್ನೇ ನೋಡಿದಳು. ಮೂಗಿನ ಹತ್ತಿರ ತಂದಳು. ಆಮೇಲೆ, ಅವನು ಮತ್ತೆ ತೊಡೆಯ ಕೆಳಗೆ ಸೇರಿಸಿದ್ದ ಕೈಯನ್ನು ನೋಡಿದಳು. ಒಳಗೆ ಅತ್ತೆ ಲೋಟಗಳನ್ನು ಜೋಡಿಸುತ್ತ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದಳು.

ಆಗ ಅವನು ಮಾತಾಡಿದ. ಒಮ್ಮೆ ಹೊರಟ ಮೇಲೆ ಮಾತು ತಾನಾಗಿ ಬಂತು. ಅಂಕಿ ಬರೆದದ್ದು ತಾನು, ತಪ್ಪು ತನ್ನದು, ಅವಳು ಕೇಳಿದ್ದಳು, ತಾನು ತಲೆ ಎತ್ತಿ ನೋಡಲಿಲ್ಲ, ಪರೀಕ್ಷೆಯಲ್ಲಿ ದೀಪ ಹತ್ತದೆ ಇದ್ದದ್ದನ್ನೂ ಅಲಕ್ಷ್ಯ ಮಾಡಿದೆ, ಅವತ್ತು ಯಜಮಾನರೆದುರು ಕನ್ನಡಕ ಒರೆಸಬಾರದಿತ್ತು. ಈ ಕಾಗದಕ್ಕೆ ಸಹಿ ಬೇಡ. ಇಲ್ಲಿಂದ ನೇರವಾಗಿ ಹೋಗಿ ಯಜಮಾನರಿಗೆ ಎಲ್ಲ ಹೇಳುತ್ತೇನೆ, ಆಸ್ಪತ್ರೆಗೆ ತಾನೇ ಬರೆದುಕೊಡುತ್ತೇನೆ, ನಾಳೆಯಿಂದಲೇ ಅವಳು ತನ್ನ ಮೇಜಿಗೆ, ಬೆಸುಗೆಗೇ, ವಾಪಸು ಬರಬೇಕು. ಹೇಳುತ್ತ ಹೇಳುತ್ತ ಎದೆ ಹಗುರವಾಯಿತು. ದನಿ ಏರುತ್ತಿರುವುದು ಅವನಿಗೆ ಗೊತ್ತಾಗಲಿಲ್ಲ. ತನ್ನ ಮಾತು ತನಗೇ ಚೆನ್ನಾಗಿ ಕೇಳಿಸುತ್ತಿತ್ತು. ಇಷ್ಟು ದಿನ ಇಷ್ಟು ಸುಲಭದ ಕೆಲಸಕ್ಕೆ ಯಾಕೆ ಒದ್ದಾಡಿದೆ ಅನ್ನಿಸಿತು, ತಾನು ಅಷ್ಟೇನೂ ಕೆಟ್ಟವನಲ್ಲ ಅನ್ನಿಸಿತು. ಎಲ್ಲವನ್ನೂ ಹೇಳಿದ ಆ ಸಂತೋಷದಲ್ಲಿ, ಹೇಳದೆ ಉಳಿದ ಒಂದೇ ಒಂದನ್ನು ಅವನು ನಯವಾಗಿ ದಾಟಿಕೊಂಡು, ಕಿಟಕಿಯ ಕಟ್ಟೆಯಿಂದ ಕೆಂಪು ಶೀಶೆಯನ್ನು ತಾನೇ ಎತ್ತಿ ಅವಳ ಮುಂದೆ ಇಟ್ಟ.

“ಚುಕ್ಕೆ ಮಾತ್ರ ಮತ್ತೆ ಹಚ್ಚಿಕೊಡು. ಮೊದಲು ಹೇಗಿತ್ತೋ ಹಾಗೇ. ಅದನ್ನ ತೋರಿಸಿಯೇ ಯಜಮಾನರಿಗೆ ಹೇಳ್ತೀನಿ. ಅದಿದ್ರೆ ನಿನಗೇ ಬಲ.”

ಅವಳು ಶೀಶೆಯನ್ನು ಕೈಗೆ ತೆಗೆದುಕೊಂಡಳು. ಮುಚ್ಚಳದ ಮೇಲೆ ಬೆರಳು ಇಟ್ಟಳು. ಆ ಕಿರುಸದ್ದಿಗಾಗಿ ಅವನ ಕಿವಿ ಕಾಯುತ್ತಿತ್ತು. ಅವಳು ಮುಚ್ಚಳ ತಿರುಗಿಸಲಿಲ್ಲ. ಶೀಶೆಯನ್ನು ಅವನು ಎತ್ತಿದ್ದ ಜಾಗಕ್ಕೇ, ಕಿಟಕಿಯ ಕಟ್ಟೆಯ ಮೇಲೆ ಧೂಳಿನಲ್ಲಿ ಅದರ ದುಂಡನೆಯ ಗುರುತಿದ್ದ ಕಡೆಗೇ, ಸರಿಯಾಗಿ ಕೂರಿಸಿದಳು. ಬೋರ್ಡನ್ನು ಹೊಳೆಯುವ ಜಾಗ ಮೇಲೆ ಕಾಣುವಂತೆ ಅವನ ಕಡೆಗೆ ಸರಿಸಿದಳು.

“ಅದು ಕೇಳಿದಾಗ ಹಚ್ಚಿದ್ದು ಸಾರ್. ಈಗ ನಾನು ಏನೂ ಕೇಳ್ತಿಲ್ಲ,” ಅಂದಳು. ಆಮೇಲೆ ದನಿ ಏರಿಸದೆ, ತಗ್ಗಿಸದೆ, ಅಳೆದಷ್ಟೇ ಇನ್ನೊಂದು ಮಾತು ಆಡಿದಳು.

“ಹಚ್ಚಲ್ಲ.”